ಅಂತರಸಂತೆಯ ಹೊಲ ಹೊಲವಾಗಿಯೇ ಉಳಿಯಬೇಕಾದರೆ ದುಡ್ಡು ಕೊಡೋರು ಯಾರು?

ಎಚ್.ಡಿ. ಕೋಟೆಯಿಂದ ಮಾನಂದವಾಡಿ ರಸ್ತೆ ಹಿಡಿದರೆ ಅಂತರಸಂತೆ ಸಿಗುತ್ತದೆ. ಮುಂದೆ ನಾಗರಹೊಳೆ ಕಾಡು, ಇತ್ತ ಕಬಿನಿ ಹಿನ್ನೀರು. ನಡುವೆ ಹತ್ತಿ, ರಾಗಿ, ಹೊಗೆಸೊಪ್ಪಿನ ಹೊಲಗಳು. ಈ ಹೊಲಗಳಿಗೆ ಇವತ್ತು ಎರಡು ಥರದ ಗಿರಾಕಿಗಳಿದ್ದಾರೆ: ಶುಂಠಿ ಬೆಳೆಯಲು ಗುತ್ತಿಗೆ ಕೇಳೋರು, ರೆಸಾರ್ಟಿಗೆ ಜಾಗ ಹುಡುಕೋರು. 'ಹೊಲವನ್ನು ಹೊಲವಾಗಿಯೇ ಇಟ್ಟುಕೊಳ್ಳಿ, ಅದಕ್ಕೆ ನಾವು ದುಡ್ಡು ಕೊಡ್ತೀವಿ' ಎನ್ನುವ ಮೂರನೆಯವರು ಇಲ್ಲ.

ಅಮೆರಿಕದಲ್ಲಿ ಆ ಮೂರನೆಯವರಿದ್ದಾರೆ. ಹೆಸರು ಲ್ಯಾಂಡ್ ಟ್ರಸ್ಟ್. ಮೊದಲನೆಯದು 1891ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿತು. ಈಗಿನ ಪದ್ಧತಿ ಸರಳ. ಜಮೀನು ಮಾಲೀಕನ ಹೆಸರಲ್ಲೇ ಇರುತ್ತದೆ. ಉಳಬಹುದು, ಮಕ್ಕಳಿಗೆ ಕೊಡಬಹುದು, ಮಾರಲೂಬಹುದು. ಲೇಔಟ್, ಕಟ್ಟಡ ಮಾಡುವ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟು, ಪ್ರತಿಯಾಗಿ ಹಣವನ್ನೋ ತೆರಿಗೆ ರಿಯಾಯಿತಿಯನ್ನೋ ಪಡೆಯುತ್ತಾನೆ. ಮುಂದೆ ಯಾರು ಕೊಂಡರೂ ಆ ಕರಾರು ಜಮೀನಿನ ಜೊತೆಗೇ ಹೋಗುತ್ತದೆ.

ಹಾಗಾದರೆ ಇಲ್ಲೂ ಮಾಡಬಹುದಲ್ಲ? ಅಷ್ಟು ಸುಲಭ ಇಲ್ಲ.

ಒಂದು, ನಮ್ಮಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಎರಡೆಕರೆ ರೈತನಿಗೆ ತೆರಿಗೆ ರಿಯಾಯಿತಿ ಕೊಟ್ಟು ಏನು ಪ್ರಯೋಜನ?

ಎರಡು, 1882ರ ಈಸ್‌ಮೆಂಟ್ ಕಾಯ್ದೆ ಗೊತ್ತಿರುವುದು ದಾರಿ, ನೀರಿನಂಥ ಹಕ್ಕುಗಳನ್ನು. ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲೆ ಇರುವ ಹಕ್ಕು ಅದು. ಪಕ್ಕದಲ್ಲಿ ಜಮೀನೇ ಇಲ್ಲದ ಟ್ರಸ್ಟಿಗೆ ಅದರಲ್ಲಿ ಜಾಗವಿಲ್ಲ.

ಮೂರು, ಜಮೀನನ್ನೇ ಕೊಳ್ಳುವ ದಾರಿ. ಭೂಸುಧಾರಣಾ ಕಾಯ್ದೆಯ 79ಬಿ ಕಲಂ ಟ್ರಸ್ಟ್, ಕಂಪನಿಗಳು ಕೃಷಿ ಭೂಮಿ ಹೊಂದುವುದನ್ನೇ ತಡೆದಿತ್ತು. 2020ರ ತಿದ್ದುಪಡಿ 79ಎ, 79ಬಿ ಎರಡನ್ನೂ ತೆಗೆದುಹಾಕಿತು. 'ಉಳುವವನೇ ಒಡೆಯ' ಹೋಗಿ 'ಉಳ್ಳವನೇ ಒಡೆಯ' ಆಯಿತು ಎಂದು ರೈತರು ಬೀದಿಗಿಳಿದದ್ದು ಆಗಲೇ. ಟ್ರಸ್ಟಿಗೆ ತೆರೆದ ಬಾಗಿಲು ರೆಸಾರ್ಟಿಗೂ ತೆರೆಯಿತು. ಇಬ್ಬರೂ ಹರಾಜಿಗೆ ಕೂತರೆ ಗೆಲ್ಲೋರು ಯಾರು ಅಂತ ಹೇಳಬೇಕಿಲ್ಲ.

ಕೊಂಡು ಉಳಿಸಿದ ಉದಾಹರಣೆಗಳಿವೆ ನಿಜ. ಕೊಡಗಿನ ತೆರಾಲುವಿನಲ್ಲಿ ಮಲ್ಹೋತ್ರಾ ದಂಪತಿ 1991ರಿಂದ ಸುಮಾರು 300 ಎಕರೆ ಕಾಡು ಬೆಳೆಸಿದರು. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ-ದೊಡ್ಡಸಂಪಿಗೆ ಆನೆ ಕಾರಿಡಾರಿನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಕೊಂಡು ಅರಣ್ಯ ಇಲಾಖೆಗೆ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಎರಡರಲ್ಲೂ ರೈತ ಜಮೀನು ಬಿಟ್ಟು ಹೊರಟ.

ರೈತ ಅಲ್ಲೇ ಉಳಿಯುವ ಮಾದರಿ ಬೇಕಿದ್ದರೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆ ಮರಗಳು ಊರವರವೇ. ಕಾಯಿ ಕೀಳದೆ ಬಿಟ್ಟದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಯ 36ಸಿ ಪ್ರಕಾರ ಜನ ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಹೀಗೆ ಘೋಷಿಸಬಹುದು. ಮಾಲೀಕತ್ವ ಬದಲಾಗುವುದಿಲ್ಲ. ಆದರೆ ಸ್ಥಳೀಯ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಅಂದರೆ ಲ್ಯಾಂಡ್ ಟ್ರಸ್ಟಿನ ಅರ್ಧ ಕೆಲಸ ನಮ್ಮ ಕಾನೂನಿನಲ್ಲೇ ಇದೆ. ಇಲ್ಲದಿರುವುದು ಉಳಿದರ್ಧ: ಎಕರೆಗೆ ವರ್ಷಕ್ಕಿಷ್ಟು ಎಂಬ ಖಾತರಿ ಹಣ.

ಹಣ ಎಲ್ಲಿಂದ? ಪ್ರತಿ ಹುಲಿ ಮೀಸಲಿಗೂ ಒಂದು ಪ್ರತಿಷ್ಠಾನ ಇರಬೇಕು ಎನ್ನುತ್ತದೆ ಅದೇ ಕಾಯ್ದೆ. ಪ್ರವಾಸಿಗರ ಶುಲ್ಕ ಅಲ್ಲಿಗೆ ಹೋಗಬಹುದು. ಅದರಲ್ಲೊಂದು ಪಾಲು ಕಾಡಂಚಿನ ರೈತನಿಗೆ ಯಾಕೆ ಬರಬಾರದು? 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರದ ಸಫಾರಿ ನಿಲ್ಲಿಸಬೇಕಾಯಿತು. ಹುಲಿ ತೋರಿಸಿ ದುಡಿಯೋರು ಒಬ್ಬರು, ಹುಲಿ ಜೊತೆ ಬದುಕೋರು ಇನ್ನೊಬ್ಬರು ಎಂಬ ಲೆಕ್ಕ ಹೆಚ್ಚು ದಿನ ನಡೆಯೋದಿಲ್ಲ.

ಇನ್ನೊಂದು ಎಚ್ಚರ. ಈ ಕಾಡಿನಿಂದ ಜೇನುಕುರುಬರನ್ನು, ಬೆಟ್ಟಕುರುಬರನ್ನು ಹೊರಹಾಕಿದ್ದೂ 'ಸಂರಕ್ಷಣೆ'ಯ ಹೆಸರಲ್ಲೇ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಬಾಕಿ ಇರುವಾಗ, ಅವರಿಗೆ ಕುರ್ಚಿ ಇಲ್ಲದ ಯಾವ ಸಮಿತಿಯೂ ಇನ್ನೊಂದು ಬೇಲಿಯಷ್ಟೇ.

ಹೊಲ ಮಾರಿದ ರೈತನನ್ನು ಬೈಯುವುದು ಸುಲಭ. ಮಗಳ ಫೀಸು, ಬೋರ್‌ವೆಲ್ ಸಾಲ ಎದುರಿಗಿರುವಾಗ ಅವನ ಮುಂದೆ ಬೇರೆ ಆಯ್ಕೆ ಇಟ್ಟವರು ಯಾರು? ಮೊದಲು ಆ ಆಯ್ಕೆ ಇಡೋಣ. ಆಮೇಲೆ ಬೇಕಾದರೆ ಬೈಯೋಣ.