ಇಪ್ಪತ್ತು ನಿಮಿಷಗಳ ತಾಳ್ಮೆ

ಮಳೆ ಹಿಡಿದು ತೋಟದ ದರಗು ನೆನೆಯಿತೆಂದರೆ ಮಲೆನಾಡಿನ ಆಸ್ಪತ್ರೆಗಳಿಗೆ ಹಾವು ಕಚ್ಚಿದವರು ಬರತೊಡಗುತ್ತಾರೆ. ಕಳೆದ ಮಳೆಗಾಲದಲ್ಲಿ ನಮ್ಮೂರಿನ ಕೃಷಿಕರೊಬ್ಬರನ್ನು ಹಾಗೆ ಕರೆದೊಯ್ದಾಗ, ವೈದ್ಯರು ತುಸು ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಹಾಕಿ, ಅಲುಗಾಡದಂತೆ ಇಟ್ಟು ಗಡಿಯಾರ ನೋಡುತ್ತ ಕುಳಿತರು. ಜೊತೆಗೆ ಹೋದವರ ಸಹನೆ ಕೆಟ್ಟಿತು. "ಡಾಕ್ಟ್ರೇ, ಮೊದ್ಲು ಇಂಜೆಕ್ಷನ್ ಕೊಡಿ, ಗಡಿಯಾರ ಆಮೇಲೆ ನೋಡಿ" ಎಂದು ಒಬ್ಬರು ಗದರಿಯೂ ಬಿಟ್ಟರು. ಆ ಕಾಯುವಿಕೆ ಚಿಕಿತ್ಸೆಯದೇ ಒಂದು ಭಾಗವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. 20 ನಿಮಿಷಗಳ ತರುವಾಯ ನಳಿಕೆಯನ್ನು ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷ ಮೈಗೇರಿದೆಯೆಂದು ಅರ್ಥ. ಹೆಪ್ಪುಗಟ್ಟಿದ್ದು, ವಿಷದ ಬೇರೆ ಲಕ್ಷಣವೂ ಇಲ್ಲದಿದ್ದರೆ ರೋಗಿಯನ್ನು ನಿಗಾದಲ್ಲಿಟ್ಟು ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಗೆ ತಾಗುವುದರಿಂದ ಅಲ್ಲಿ ರೆಪ್ಪೆ ಜೋಲುವುದು, ಉಸಿರಾಟ ಕುಂದುವುದೇ ಸೂಚನೆ. ಅದಕ್ಕೆ ಈ ಪರೀಕ್ಷೆಯನ್ನು ಕಾಯುವಂತಿಲ್ಲ. ನಳಿಕೆ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ಕಿನದಾದರೆ ಅಥವಾ ಸಾಬೂನಿನಿಂದ ತೊಳೆದದ್ದಾದರೆ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ವೈದ್ಯರನ್ನು ದಾರಿ ತಪ್ಪಿಸೀತು.

ಕಚ್ಚಿದವರಿಗೆಲ್ಲ ಪ್ರತಿವಿಷ ಕೊಟ್ಟುಬಿಟ್ಟರಾಗದೇ ಎಂದು ಕೇಳುವವರಿದ್ದಾರೆ. ಕುದುರೆಯ ರಕ್ತದಿಂದ ತಯಾರಾಗುವ ಆ ಔಷಧ ಕೆಲವರ ಮೈಗೆ ಒಗ್ಗದೆ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಹಾವು ಕಚ್ಚಿದರೂ ವಿಷ ಇಳಿಸದಿರುವ ಸಂದರ್ಭಗಳೂ ಉಂಟು. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸುವುದು ರೋಗಿಗಳ ನಡುವೆ ನಡೆದ ಸಂಶೋಧನೆಯ ಬಲದಿಂದ.

ಈ ಸಂಶೋಧನೆಯ ಮೂಲ ವಿಧಾನ ರೈತರಿಗೆ ಹೊಸತಲ್ಲ. ಹೊಸ ಗೊಬ್ಬರವನ್ನು ಗದ್ದೆಯ ಒಂದು ಭಾಗಕ್ಕೆ ಹಾಕಿ, ಇನ್ನೊಂದು ಭಾಗವನ್ನು ಹಾಗೆಯೇ ಬಿಟ್ಟು ಫಸಲು ಹೋಲಿಸುವುದು ನಮಗೆ ಗೊತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಇದಕ್ಕೊಂದು ಶಿಸ್ತು ತಂದರು. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಮನಸ್ಸಿಗೆ ಬಂದಂತೆ ಆರಿಸದೆ, ಚೀಟಿ ಎತ್ತಿದಂತೆ ಹಂಚಬೇಕು. ಇಲ್ಲವಾದರೆ ಒಳ್ಳೆಯ ಮಣ್ಣಿನ ಫಲವನ್ನು ಗೊಬ್ಬರದ ಫಲವೆಂದು ಭ್ರಮಿಸುತ್ತೇವೆ ಎಂಬುದೇ ಅದರ ತಿರುಳು. ಆಸ್ಪತ್ರೆಯಲ್ಲಿ ಇದೇ ಕ್ರಮ ಹಿಡಿದ ಮೊದಲ ಪ್ರಸಿದ್ಧ ಪ್ರಯೋಗ ಬ್ರಿಟನ್ನಿನ ಕ್ಷಯರೋಗಿಗಳ ಮೇಲೆ ನಡೆದು 1948ರಲ್ಲಿ ಪ್ರಕಟವಾಯಿತು. ಸ್ಟ್ರೆಪ್ಟೊಮೈಸಿನ್ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ತೀರಿಕೊಂಡವರು 4. ಪಡೆಯದ 52 ಮಂದಿಯಲ್ಲಿ 14.

ಹಾವಿನ ಕಡಿತಕ್ಕೂ ಇಂಥದೇ ಪ್ರಯೋಗ ನೆರೆಯ ಶ್ರೀಲಂಕಾದಲ್ಲಿ ನಡೆಯಿತು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಭಾಗವಹಿಸಿದವರು 1,007 ರೋಗಿಗಳು. ಪ್ರತಿವಿಷದ ಅಡ್ಡಪರಿಣಾಮ ತಡೆಯಲು ಬಹುಕಾಲದಿಂದ ಬಳಕೆಯಲ್ಲಿದ್ದ ಮೂರು ಔಷಧಗಳನ್ನು ಅಲ್ಲಿ ಒರೆಗೆ ಹಚ್ಚಲಾಯಿತು. ಅತ್ಯಲ್ಪ ಪ್ರಮಾಣದ ಅಡ್ರಿನಲಿನ್ ಮೊದಲ ಒಂದು ಗಂಟೆಯಲ್ಲಿ ತೀವ್ರ ಅಡ್ಡಪರಿಣಾಮಗಳನ್ನು ಶೇ. 43ರಷ್ಟು ತಗ್ಗಿಸಿತು. ವೈದ್ಯರು ನಂಬಿ ಕೊಡುತ್ತಿದ್ದ ಹೈಡ್ರೋಕಾರ್ಟಿಸೋನ್ ಮತ್ತು ಪ್ರೊಮೆಥಜಿನ್‌ಗಳಿಂದ ಆ ಪ್ರಯೋಜನ ಕಾಣಲಿಲ್ಲ. ಅನುಭವಿಗಳ ನಂಬಿಕೆಯೂ ಪರೀಕ್ಷೆಗೆ ಒಳಪಡಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ನಮ್ಮ ಕೊರಗು ಇರುವುದು ಇಲ್ಲಿಯೇ. ಭಾರತದಲ್ಲಿ ದೊರೆಯುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೇ ಹಾವುಗಳ ವಿಷದಿಂದ ಸಿದ್ಧವಾದದ್ದು. ಘಟ್ಟದ ತೋಟಗಳ ದರಗಿನಲ್ಲಿ ಸುರುಳಿ ಸುತ್ತಿ ಮಲಗುವ, ಮೂತಿ ಮೇಲಕ್ಕೆ ಬಾಗಿದ ಸಣ್ಣ ಗುಳಿಮಂಡಲಕ್ಕೆ ಅದು ಮದ್ದಲ್ಲ. ಈ ಹಾವು ಕಚ್ಚಿ ರಕ್ತ ಹೆಪ್ಪುಗಟ್ಟದಂತಾದ, ಮೂತ್ರಪಿಂಡವೂ ಕೆಟ್ಟ ಪ್ರಕರಣಗಳನ್ನು 2007ರಲ್ಲಿ ಕೇರಳದ ವೈದ್ಯರು ಖಚಿತವಾಗಿ ದಾಖಲಿಸಿದರು. ಅದುವರೆಗೆ ಅದನ್ನು ಗರಗಸಮಂಡಲವೆಂದೇ ತಪ್ಪಾಗಿ ಗುರುತಿಸುವುದು ಸಾಮಾನ್ಯವಾಗಿತ್ತು. ಕಾಫಿ, ಅಡಿಕೆ, ಏಲಕ್ಕಿ ತೋಟಗಳ ಕೂಲಿಯವರನ್ನು ಕಚ್ಚುವ ಹಾವಿನ ವಿಷಯದಲ್ಲಿ ನಮ್ಮ ತಿಳಿವಳಿಕೆ ಇಷ್ಟು ತಡವಾಗಿ ಬಂದಿತೆಂಬುದು ಯೋಚಿಸಬೇಕಾದ ಸಂಗತಿ. 2000ದಿಂದ 2019ರ ವರೆಗೆ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವಿನ ಕಡಿತದಿಂದ ಸತ್ತರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಹಳ್ಳಿಗರು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಇದು ಸ್ವಾಗತಾರ್ಹ. ಆದರೆ ಎಣಿಕೆಯಲ್ಲಿಯೇ ಕೆಲಸ ನಿಲ್ಲಬಾರದು. ಯಾವ ಹಾವು, ಯಾವ ಲಕ್ಷಣ, ಯಾವ ಚಿಕಿತ್ಸೆಗೆ ಏನು ಫಲ ಎಂಬುದನ್ನು ಘಟ್ಟದ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ವರ್ಷಗಟ್ಟಲೆ ಅಭ್ಯಸಿಸುವ ವ್ಯವಸ್ಥೆ ಬೇಕು. ಇಲ್ಲಿನ ಹಾವುಗಳಿಗೆ ತಕ್ಕ ಪ್ರತಿವಿಷ ಬೇಕು. ಅಂಥ ಅಧ್ಯಯನಕ್ಕೆ ಬರುವವರು ರೋಗಿಗೆ ಕನ್ನಡದಲ್ಲಿ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಲೇಬೇಕು. ಒಲ್ಲೆನೆಂದವನಿಗೂ ಚಿಕಿತ್ಸೆಯಲ್ಲಿ ಕೊರತೆಯಾಗಕೂಡದು. ಬಡ ಕೂಲಿಯವರ ಮೈ ಯಾರದೋ ಪ್ರಯೋಗದ ತಾಕಾಗುವುದನ್ನು ನಾವು ಒಪ್ಪಲಾರೆವು.

ನಮ್ಮ ಕರ್ತವ್ಯವೂ ಇದೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಮದ್ದಿಗೆಂದು ಹೊತ್ತು ಕಳೆಯುವುದು ಬೇಡ. ಕೈಕಾಲು ಅಲುಗಾಡಿಸದಂತೆ ಮಾಡಿ ಬೇಗ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹುಡುಕಿ ಕೊಲ್ಲಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ. ದೂರದಿಂದ ಚಿತ್ರ ಸಿಕ್ಕರೆ ಸಾಕು. ಕಚ್ಚಿದ ವೇಳೆಯನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸಿದರೆ ಆ ಮಾಹಿತಿ ಮುಂದೆ ಇನ್ನೊಬ್ಬರ ಚಿಕಿತ್ಸೆಗೂ ಒದಗುತ್ತದೆ.

ನಮ್ಮೂರಿನ ಆ ಕೃಷಿಕರ ರಕ್ತ ಅಂದು ಹೆಪ್ಪುಗಟ್ಟಿತು. ಮರುದಿನದ ತನಕ ಮತ್ತೆ ಮತ್ತೆ ಪರೀಕ್ಷಿಸಿ, ಪ್ರತಿವಿಷ ಕೊಡದೆಯೇ ಮನೆಗೆ ಕಳುಹಿಸಿದರು. ಗದರಿದ್ದವರು ಈಗ ಬೇರೆಯವರಿಗೆ ಆ ನಳಿಕೆಯ ವಿಷಯ ಹೇಳುತ್ತಿದ್ದಾರೆ.