ಹಿಮ ಬೀಳದ ಊರಿಗೂ ಬೇಕು ಕೂಲೆಂಟ್

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಅಲ್ಲಿಯ ಕಾರುಗಳಿಗೆ, ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಬಳಸುವ ಕೂಲೆಂಟನ್ನೇ ಹಾಕುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರಿಗೆ ಇದೇಕೆ? ಬರೀ ನೀರು ಸಾಲದೇ?

ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಅನಿಲದ ಉಷ್ಣತೆ 2000 ಡಿಗ್ರಿ ಮೀರುತ್ತದೆ. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ! ಆದ್ದರಿಂದ ಸಿಲಿಂಡರುಗಳ ಸುತ್ತ ಸದಾ ದ್ರವ ಹರಿಯುತ್ತಿರಬೇಕು. ಅದು ಶಾಖವನ್ನು ಹೊತ್ತು ರೇಡಿಯೇಟರಿಗೆ ತಂದು, ಅಲ್ಲಿ ಗಾಳಿಗೆ ತಣಿದು, ಮತ್ತೆ ಎಂಜಿನ್ನಿಗೆ ಮರಳುತ್ತದೆ.

ಶಾಖ ಹೊರುವುದರಲ್ಲಿ ನೀರು ಗಟ್ಟಿಗ. ಆದರೆ ಅದು 100 ಡಿಗ್ರಿಗೇ ಕುದಿಯುತ್ತದೆ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಕೊಳವೆ ಬಾವಿಯ ಗಡಸು ನೀರಾದರಂತೂ ಬಚ್ಚಲ ಹಂಡೆಯಲ್ಲಿ ಕಟ್ಟುವಂಥ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರಿಗೆ ಎಥಿಲೀನ್ ಗ್ಲೈಕಾಲನ್ನು ಸಮಪಾಲು ಬೆರೆಸಿದರೆ ಕುದಿಯುವ ಬಿಂದು ಸುಮಾರು 107 ಡಿಗ್ರಿಗೆ ಏರುತ್ತದೆ. ಬಿಗಿ ಮುಚ್ಚಳ ಪ್ರೆಶರ್ ಕುಕ್ಕರಿನಂತೆ ಒತ್ತಡ ಹಿಡಿದಿಡುವುದರಿಂದ 120 ಡಿಗ್ರಿಯಲ್ಲೂ ಮಿಶ್ರಣ ಕುದಿಯದು. ಕೂಲೆಂಟಿನಲ್ಲಿರುವ ರಾಸಾಯನಿಕಗಳು ತುಕ್ಕನ್ನೂ ತಡೆಯುತ್ತವೆ. ಹಾಗೆಂದು ಬರೀ ಗ್ಲೈಕಾಲ್ ತುಂಬಬಾರದು. ಅದು ನೀರಿನಷ್ಟು ಶಾಖ ಹೊರಲಾರದು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಡಬ್ಬಿಯ ಕನಿಷ್ಠ, ಗರಿಷ್ಠ ಗೆರೆಗಳ ನಡುವೆ ದ್ರವ ಇದೆಯೇ ಎಂದು ನೋಡಿ. ಕಡಿಮೆಯಾಗಿದ್ದರೆ ಕಾರಿನ ಕೈಪಿಡಿ ಹೇಳುವ ಬಗೆಯ ಕೂಲೆಂಟನ್ನೇ ಹಾಕಬೇಕು. ಬಣ್ಣ ಒಂದೇ ಆದ ಮಾತ್ರಕ್ಕೆ ಬಗೆಯೂ ಒಂದೇ ಎಂದಲ್ಲ. ಬೆರೆಸಲು ಬಟ್ಟಿ ಇಳಿಸಿದ ನೀರೇ ಆಗಬೇಕು. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಮೆಕ್ಯಾನಿಕ್‌ಗೆ ತೋರಿಸಿ. ತುಕ್ಕು ತಡೆಯುವ ಶಕ್ತಿ ಕಾಲಕ್ರಮೇಣ ಕುಂದುವುದರಿಂದ, ಕೈಪಿಡಿ ಹೇಳಿದ ಅವಧಿಗೆ ಪೂರ್ತಿ ಬದಲಿಸುವುದೂ ಅಗತ್ಯ.

ಬಿಸಿಲಲ್ಲಿ ಸಿರುಗುಪ್ಪಕ್ಕೆ ಹೊರಟಾಗ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತೆನ್ನಿ. ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯಿರಿ. ಬಿಸಿಯಾಗಿರುವಾಗ ಮುಚ್ಚಳ ತೆರೆದರೆ ಒತ್ತಡ ಇಳಿದು ದ್ರವ ಒಮ್ಮೆಲೇ ಕುದಿದು ಚಿಮ್ಮುತ್ತದೆ. ಮುಖ, ಕೈ ಸುಟ್ಟೀತು.

ಪೋಷಕರು ಗಮನಿಸಬೇಕಾದದ್ದು ಇನ್ನೊಂದಿದೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಆದರೆ ಘೋರ ವಿಷ. ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಉಳಿದ ಕೂಲೆಂಟನ್ನು ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ. ಮಗು ಕುಡಿದಿರಬಹುದೆಂಬ ಅನುಮಾನ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಿ.