ಚಾಕುವಿಗೆ ಯಾವ ದೇಶ?

ಇಪ್ಪತ್ತು ವರ್ಷಗಳಿಂದ ನನ್ನ ಬ್ಯಾಗಿನಲ್ಲಿ ಒಂದು ಮಡಚುವ ಚಾಕು ಇದೆ. ಮಕ್ಕಳ ಪೆನ್ಸಿಲ್ ಚೂಪು ಮಾಡಲು, ಚಾರ್ಟು ಕತ್ತರಿಸಲು, ಮಧ್ಯಾಹ್ನ ಸೀಬೇಹಣ್ಣು ಹೋಳು ಮಾಡಲು ಅದೇ ಬೇಕು. ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಕುಲುಮೆ ಇಟ್ಟುಕೊಂಡಿರುವ ಆಚಾರ್ರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿಕೊಟ್ಟದ್ದು.

ಹೋದ ಬೇಸಿಗೆಯಲ್ಲಿ ನನ್ನ ನಾದಿನಿಯ ಮಗ ಹೊರದೇಶದಿಂದ ಬರುವಾಗ ತಾಯಿಗೊಂದು ಸ್ವಿಸ್ ಚಾಕು ತಂದ. ಅವಳು ಅದನ್ನು ಬೀರುವಿನಿಂದ ತೆಗೆದು, ಸೆರಗಿನಲ್ಲಿ ಒರೆಸಿ, "ಅತ್ತಿಗೆ, ಎಷ್ಟಾದರೂ ಫಾರಿನ್ದು ಫಾರಿನ್ದೇ. ನಿಮ್ಮ ಆ ಕಬ್ಬಿಣದ ತುಂಡನ್ನು ಇನ್ನಾದರೂ ಬಿಸಾಕಿ" ಎಂದಳು. ನನಗೆ ರೇಗಿತು.

ಅವಳ ಚಾಕು ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ಚೆನ್ನಾಗಿಯೇ ಕುಯ್ಯುತ್ತದೆ. ಆ ಗುಣ ದೇಶದಿಂದ ಬಂತು ಎನ್ನುವುದಕ್ಕೆ ಮಾತ್ರ ನನ್ನ ತಕರಾರು. 1891ರಲ್ಲಿ ಸ್ವಿಸ್ ಸೈನಿಕರಿಗೆ ಮೊದಲು ಹಂಚಿದ ಚಾಕುಗಳು ತಯಾರಾದದ್ದು ಜರ್ಮನಿಯ ಸೋಲಿಂಗೆನ್‌ನಲ್ಲಿ! ಆ ಜರ್ಮನ್ ಮಾಲನ್ನೇ ಇಂಗ್ಲೆಂಡಿನವರು ಕಳಪೆ ಎಂದು ಜರೆಯುತ್ತಿದ್ದರು. ಷೆಫೀಲ್ಡಿನ ಹೆಸರಿನಲ್ಲಿ ಜರ್ಮನ್ ಚಾಕು ಮಾರಾಟವಾಗುತ್ತಿದೆ ಎಂಬ ಕೂಗೆದ್ದು, 1887ರಲ್ಲಿ ಕಾನೂನು ಬಂತು. 'ಮೇಡ್ ಇನ್ ಜರ್ಮನಿ' ಎಂಬ ಮುದ್ರೆ ಅಂದು ನಾಚಿಕೆಯ ಗುರುತು. ಮುಂದೆ ಅದೇ ಹೆಮ್ಮೆಯ ಗುರುತಾಯಿತು.

ನಮ್ಮ ಕಥೆಯನ್ನೂ ಕೇಳಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂಗ್ಲಿಷರು 'ವೂಟ್ಜ್' ಎಂದು ಕರೆದು ಪರೀಕ್ಷಿಸಿದ ಭಾರತದ ಉಕ್ಕಿನ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ.

ಹಾಗೆಂದು ಸ್ವದೇಶಿ ಎಂದ ಕೂಡಲೇ ಕೈಮುಗಿಯುವವಳೂ ನಾನಲ್ಲ. ಜಾತ್ರೆಯೊಂದರಲ್ಲಿ ಕೊಂಡ ನಮ್ಮದೇ ದೇಶದ ಚಾಕು ಮೂರನೇ ದಿನಕ್ಕೆ ಮಾವಿನಕಾಯಿಯ ಓಟೆಗೆ ತಗುಲಿ ಮುರಿದುಬಿತ್ತು. ಅದರಲ್ಲಿ ಹದವಿರಲಿಲ್ಲ. ಕಾಸಿದ ಉಕ್ಕನ್ನು ಥಟ್ಟನೆ ತಣಿಸಿದರೆ ಗಡುಸಾಗುತ್ತದೆ, ಆದರೆ ಗಾಜಿನಂತೆ ಸಿಡಿಯುತ್ತದೆ. ಮತ್ತೆ ಮೆಲ್ಲಗೆ ಕಾಸಿ, ಒಣಹುಲ್ಲಿನ ಬಣ್ಣ ಬಂದಾಗ ನಿಲ್ಲಿಸಬೇಕು. ಅದೇ ಹದ. ಪಾಕಕ್ಕೆ ಎಳೆ ಬಂತೇ ಎಂದು ನೋಡಿ ಒಲೆಯಿಂದ ಇಳಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಮೊನ್ನೆ ನಾದಿನಿಯ ಚಾಕು ಮೊಂಡಾಯಿತು. ಸಾಣೆಗೆ ಅವಳನ್ನು ಅದೇ ಕುಲುಮೆಗೆ ಕರೆದುಕೊಂಡು ಹೋದೆ. ಆಚಾರ್ರು ಅಲಗನ್ನು ಬೆಳಕಿಗೆ ಹಿಡಿದು, ಉಗುರಿನ ಮೇಲೆ ಆಡಿಸಿ, "ಒಳ್ಳೇ ಉಕ್ಕು ಮೇಡಂ. ಯಾರೋ ಕೆಲಸ ಗೊತ್ತಿರೋನೇ ಮಾಡವ್ನೆ" ಎಂದರು. ಯಾವ ದೇಶದ್ದು ಎಂದು ಅವರು ಕೇಳಲೇ ಇಲ್ಲ.

ಸಾಣೆಗೆ ಅವರು ಕೇಳಿದ್ದು ಐವತ್ತು ರೂಪಾಯಿ. ನಾದಿನಿ ಮೂವತ್ತಕ್ಕೆ ಚೌಕಾಸಿ ಮಾಡಿದಳು! ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಫಾರಿನ್ ಚಾಕುವಿಗೆ ತುಟಿ ಬಿಚ್ಚದೆ ಹಣ ಎಣಿಸುವ ನಾವು, ಬೆಂಕಿಯ ಮುಂದೆ ಕೂತವನ ಹತ್ತಿರ ಇಪ್ಪತ್ತು ರೂಪಾಯಿಗೆ ಜಗ್ಗಾಡುತ್ತೇವೆ. ಅವರ ಮಗ ಕುಲುಮೆ ಬಿಟ್ಟು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಿದ್ದಾನೆ. ಅವನದು ತಪ್ಪೆನ್ನಲು ನನಗೆ ಬಾಯಿಲ್ಲ.

ಚಾಕು ಕೊಳ್ಳುವಾಗ ಮುದ್ರೆ ಓದುತ್ತಾ ನಿಲ್ಲಬೇಡಿ. ಉಕ್ಕು ಯಾವುದು, ಮಡಚುವ ಕೀಲು ಅಲ್ಲಾಡುತ್ತದೆಯೇ, ಮೊಂಡಾದರೆ ಮತ್ತೆ ಸಾಣೆ ಹಿಡಿಸಬಹುದೇ ಎಂದು ಕೇಳಿ. ಮಾಡಿದವನು ಕಣ್ಣೆದುರಿಗೇ ಇದ್ದರೆ ಕೇಳಿದಷ್ಟು ಕೊಡಿ. ಅಂದು ಉಳಿದ ಇಪ್ಪತ್ತು ರೂಪಾಯಿಯನ್ನು ನಾನೇ ಕೊಟ್ಟೆ. ನಾದಿನಿ ಈಗಲೂ ಮುಖ ದಪ್ಪ ಮಾಡಿಕೊಂಡಿದ್ದಾಳೆ.